ಹೊರಿಕಾವಾ ಎಂಬ ಹೆಸರಿನ ಬಾಗಿಲು

ಸಪ್ಪೊರೊ,
ಫೆಬ್ರವರಿ ೮, ೧೯೯೪, ಮಧ್ಯಾಹ್ನ

ಪ್ರೀತಿಯ ಮಗ ಕತ್ಸುಮಿಗೆ,

ನಿನ್ನ ಅಮ್ಮ ಬರೆಯುವುದು. ಹೇಗಿದ್ದೀಯಪ್ಪ? ಮೇಲಿರುವ ಊರಿನ ಹೆಸರು ನೋಡಿ ಗಾಬರಿಯಾಗಬೇಡ, ಹೌದು, ನಿಮ್ಮೂರಿನಿಂದಲೇ ಬರೆಯುತ್ತಿದ್ದೇನೆ. ಚಳಿ ಬಂದರೆ ನಿನ್ನ ಸೊಂಟ ಹಿಡಿದುಕೊಳ್ಳುತ್ತಿತ್ತಲ್ಲ, ಈಗ ಹೇಗಿದೆ? ದಿನವಿಡೀ ತಣ್ಣೀರಿನಲ್ಲಿ ಕೈಯದ್ದಿ ತೋಫು ಎತ್ತುವ ಕೆಲಸ ನಿನ್ನದು, ಬೆರಳು ಬಿರಿದರೆ ಅಸಡ್ಡೆ ಮಾಡಬೇಡ. ಮಿತ್ಸುಯೊ ಚೆನ್ನಾಗಿದ್ದಾಳೆಯೇ? ನನ್ನ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದೆ, ಅದೊಂದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ. ಅಪ್ಪನ ಸುದ್ದಿ ಆಮೇಲೆ ಬರೆಯುತ್ತೇನೆ. ಅದನ್ನು ನಿನ್ನ ಮುಖ ನೋಡಿಯೇ ಹೇಳಬೇಕೆಂದು ಬಂದವಳು ನಾನು. ಹೇಳುವ ಧೈರ್ಯ ಸಾಲದೆ ಮೂರು ದಿನದಿಂದ ಊರು ಸುತ್ತುತ್ತಿದ್ದೇನೆ.

ಹಿಮದ ಉತ್ಸವ ನೋಡಿಬರುತ್ತೇನೆ ಎಂದು ಹೇಳಿಯೇ ಮನೆಯಿಂದ ಹೊರಟಿದ್ದು. ಪಕ್ಕದ ಮನೆಯ ಒನೊದೆರಾ ಅಜ್ಜಿ, “ಹಿಮ ನೋಡೋಕೆ ಸಪ್ಪೊರೊಗಾ? ಹಿತ್ತಿಲಲ್ಲಿ ಬಿದ್ದಿರೋದು ಸಾಲ್ದೇನೇ ನಿಂಗೆ?” ಎಂದು ಹೊಟ್ಟೆ ಹಿಡಿದು ನಕ್ಕಳು. ನಗಲಿ ಬಿಡು. ಬಂದ ಮೇಲೆ ನೋಡದೆ ಇರುವುದು ಯಾಕೆಂದು ಪ್ರವಾಸಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವಳು ದಕ್ಷಿಣದ ಕಾಗೊಶಿಮಾದಿಂದ ಬಂದ ಸಮೆಶಿಮಾ ಎಂಬ ಹೆಂಗಸು, ಹುಟ್ಟಿದ ಮೇಲೆ ಇಷ್ಟು ಹಿಮ ಕಂಡವಳಲ್ಲ. ಇಳಿದಲ್ಲೆಲ್ಲ ಜಾರುವುದು, ನನ್ನ ತೋಳಿಗೆ ಜೋತುಬೀಳುವುದು. ಪಾದ ಪೂರ್ತಿ ಊರಿ ಚಿಕ್ಕ ಹೆಜ್ಜೆ ಇಡಿ ಎಂದು ಹೇಳಿಕೊಟ್ಟು ಹೇಳಿಕೊಟ್ಟು ನನ್ನ ಬಾಯಿ ಒಣಗಿತು. ಗಡಿಯಾರದ ಗೋಪುರದ ಮುಂದೆ ನಿಂತು, “ಅಯ್ಯೋ, ಇಷ್ಟೇನಾ? ಚಿತ್ರದಲ್ಲಿ ದೊಡ್ಡದಿತ್ತಲ್ರೀ!” ಎಂದು ಬಸ್ಸಿನವರಿಗೆಲ್ಲ ಕೇಳುವ ಹಾಗೆ ಕೂಗಿದಳು. ಒಳ್ಳೆಯವಳೇ. ಆದರೆ ಮಾತು ಕೆದಕುವ ಚಟ. “ಮಗ ಇದೇ ಊರಲ್ಲಿದ್ದಾನೆ ಅಂತೀರಿ, ಮತ್ತೆ ನನ್ನ ಜೊತೆ ಯಾಕ್ರೀ ಬಸ್ಸಲ್ಲಿ ಸುತ್ತುತಾ ಇದ್ದೀರಿ?” ಎಂದು ಕೇಳಿಯೇಬಿಟ್ಟಳು. ಅವನಿಗೆ ಅಂಗಡಿ, ಪುರುಸೊತ್ತಿಲ್ಲ ಎಂದೆ. ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಯಿತು ಎಂದು ಕಾಣುತ್ತದೆ, ಆಮೇಲೆ ಸುಮ್ಮನೆ ಒಂದು ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟಳು.

ನಿನ್ನೆ ಅವಳೂ ಹೊರಟುಹೋದಳು. ಒಬ್ಬಳೇ ಊಟಕ್ಕೆ ಹೋದೆ. ಮೇಜಿನ ನಡುವೆ ಕಾವಲಿ ಇಟ್ಟುಕೊಂಡು ಕುರಿಮಾಂಸ ಸುಡುವ ಅಂಗಡಿ. ಸುತ್ತಲೂ ಗಂಡ ಹೆಂಡಿರು, ಮಕ್ಕಳು ಮರಿ, ಒಬ್ಬರ ತಟ್ಟೆಗೆ ಇನ್ನೊಬ್ಬರು ಹಾಕುತ್ತಿದ್ದಾರೆ. ಬಡಿಸುವ ಹುಡುಗಿ, “ಒಬ್ರೇನಾ ಅಮ್ಮಾ? ಜೊತೆಗೆ ಯಾರಾದ್ರೂ ಬರ್ತಾರಾ?” ಎಂದಳು. ಬರ್ತಾನೆ ಎಂದು ಬಾಯಿಗೆ ಬಂದುಬಿಟ್ಟಿತು. ಅವಳು ಎದುರಿಗೆ ಇನ್ನೊಂದು ತಟ್ಟೆ, ಊಟದ ಕಡ್ಡಿ ಇಟ್ಟು ಹೋದಳು. ಆ ಖಾಲಿ ತಟ್ಟೆಯ ಮುಂದೆ ಕೂತು ಒಬ್ಬಳೇ ತಿಂದೆ ಕಣೋ. ಇಷ್ಟು ಜನರ ನಡುವೆ ಇಷ್ಟು ಒಂಟಿ ಅನಿಸಿದ್ದು ನನ್ನ ಜನ್ಮದಲ್ಲೇ ಇಲ್ಲ.

ಈಗ ನಿಜ ಬರೆಯುತ್ತೇನೆ, ಬೈಯಬೇಡ. ನಿಮ್ಮ ಬೀದಿಯಲ್ಲಿ ಹೋಗುವ ಟ್ರಾಮಿನಲ್ಲಿ ಇವತ್ತು ಬೆಳಿಗ್ಗೆ ಮೂರು ಸಲ ಹೋಗಿ ಬಂದೆ. ಮೂರನೆಯ ಸಲ ಚಾಲಕನೇ ತಿರುಗಿ, “ಎಲ್ಲಿ ಇಳೀಬೇಕು ಅಜ್ಜಿ, ಮರೆತುಹೋಯ್ತಾ?” ಎಂದು ಕೇಳಿದ. ನಾಚಿಕೆಯಾಗಿ ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬಂದೆ. ನಿನ್ನ ಅಂಗಡಿಯ ಬಾಗಿಲವರೆಗೂ ಬಂದಿದ್ದೆ. ಒಳಗಿನಿಂದ ಬೆಂದ ಸೋಯಾ ಕಾಳಿನ ವಾಸನೆ, ಮಿತ್ಸುಯೊ ಏನೋ ಹೇಳಿದ್ದಕ್ಕೆ ನೀನು ನಕ್ಕ ಸದ್ದು. ಗಂಟೆ ಒತ್ತಲು ಕೈಗವಸು ತೆಗೆದೆ. ಬಾಗಿಲ ಮೇಲಿನ ಹೆಸರು ಕಂಡಿತು: ಹೊರಿಕಾವಾ. ನೀನು ಹೆಂಡತಿಯ ಮನೆತನಕ್ಕೆ ದತ್ತು ಹೋಗಿ ಹೆಸರು ಬದಲಿಸಿಕೊಂಡು ಹನ್ನೊಂದು ವರ್ಷವಾಯಿತು, ಗೊತ್ತಿರದ ವಿಷಯವೇನಲ್ಲ. ಆದರೂ ಅದನ್ನು ಮರದ ಮೇಲೆ ಕೊರೆದದ್ದು ಕಣ್ಣಾರೆ ಕಂಡಾಗ, ಇದು ಯಾರದೋ ಮನೆ, ನಾನು ಯಾರೋ ಬಂದು ನಿಂತಿದ್ದೇನೆ ಅನಿಸಿಬಿಟ್ಟಿತು. ಕೈಗವಸು ಹಾಕಿಕೊಂಡು ಹಿಂದಿರುಗಿದೆ. ನಿನ್ನ ಅಮ್ಮ ಹೇಡಿ.

ನೀನು ಹೋದ ದಿನ ಅಪ್ಪ, “ಹೆಸರು ಬಿಟ್ಟೋನು ಮನೇನೂ ಬಿಟ್ಟ ಹಾಗೇ” ಎಂದು ಕೂಗಿದ್ದು ಊರಿಗೆಲ್ಲ ಕೇಳಿತ್ತು. ಊರಿಗೆ ಕೇಳದ್ದನ್ನು ನಾನು ಹೇಳುತ್ತೇನೆ. ಪ್ರತಿ ಹೊಸವರ್ಷಕ್ಕೆ ನಿನ್ನ ಕಾರ್ಡು ಬಂದಾಗ ಇಟ್ಟುಹೋಗು ಎಂದು ಗದರಿಸುತ್ತಿದ್ದರು. ನಾನು ಅಡುಗೆಮನೆಗೆ ಹೋದದ್ದೇ ತಡ, ಕನ್ನಡಕ ಹುಡುಕುತ್ತಿದ್ದರು. ಹತ್ತು ವರ್ಷವೂ ಅದರಲ್ಲಿ ಅಚ್ಚಾದ ಶುಭಾಶಯ ಬಿಟ್ಟರೆ ಇನ್ನೊಂದಕ್ಷರ ಇರುತ್ತಿರಲಿಲ್ಲ. ಈ ಸಲ ಮಾತ್ರ ಕೆಳಗೆ ನಿನ್ನ ಕೈಯಲ್ಲೇ ಬರೆದಿದ್ದೆ: “ಅಪ್ಪ ಒಪ್ಪಿದರೆ ವಸಂತದಲ್ಲಿ ಬರುತ್ತೇನೆ. ಕೇಳಿ ತಿಳಿಸಮ್ಮ.” ಉತ್ತರ ಹೇಳಲೆಂದೇ ಇಷ್ಟು ದೂರ ಬಂದದ್ದು, ಮಗನೇ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಮಶಿಕೆಗೆ ಹೊರಡುತ್ತೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಊರು ಮುಟ್ಟಿರುತ್ತೇನೆ. ಮಿತ್ಸುಯೊಗೆ ನನ್ನ ಆಶೀರ್ವಾದ ತಿಳಿಸು, ಅವಳ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ ಎಂದು ಹೇಳು. ನೀನು ಬೆಚ್ಚಗಿರು, ನಗುತ್ತಿರು.

ನಿನ್ನ ಅಮ್ಮ,
ಹಿಸಾನೊ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದೆ. ಅಪ್ಪ ಇಲ್ಲ, ಕತ್ಸುಮಿ. ಕಳೆದ ಅಕ್ಟೋಬರ್ ಹತ್ತೊಂಬತ್ತಕ್ಕೆ, ಅಂಗಳದಲ್ಲಿ ಬಲೆ ಸರಿಮಾಡುತ್ತಾ ಕೂತವರು ಹಾಗೇ ಹೋದರು. ದೊಡ್ಡಪ್ಪ ನಿನಗೆ ತಂತಿ ಕೊಡಲು ಹೊರಟಿದ್ದರು, ತಡೆದವಳು ನಾನು. ನನ್ನ ಹೆಣ ತೋರಿಸಿ ಅವನನ್ನು ಕರೆಸಬೇಡ ಎಂದು ಅಪ್ಪ ಹಿಂದೊಮ್ಮೆ ಹೇಳಿದ್ದರು, ಆ ಮಾತು ಮೀರುವ ಧೈರ್ಯ ನನಗಾಗಲಿಲ್ಲ. ತಪ್ಪು ನನ್ನದೇ. ಡಿಸೆಂಬರಿನಲ್ಲಿ ಸೂತಕದ ಕಾರ್ಡು ಬರೆಯಲು ಕೂತೆ, ನಮ್ಮ ಮನೆಗೆ ಈ ವರ್ಷ ಶುಭಾಶಯ ಬೇಡ ಎಂದು ಎಲ್ಲರಿಗೂ ಬರೆದೆ. ನಿನ್ನ ಹೆಸರಿನದನ್ನೂ ಬರೆದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಅದನ್ನು ಕಳಿಸುವುದು ಹೊರಗಿನವರಿಗಲ್ಲವೇ? ಜೊತೆಗೆ ಸೂತಕ ಹಿಡಿಯುವ ಮಗನಿಗೆ ಯಾರು ಕಳಿಸುತ್ತಾರೆ? ಒಲೆಗೆ ಹಾಕಿದೆ. ಅದಕ್ಕೇ ಸೂತಕದ ಮನೆಗೆ ನಿನ್ನದೊಂದು ಶುಭಾಶಯ ಬಂತು. ಅಸ್ಥಿ ಇನ್ನೂ ಮನೆಯಲ್ಲೇ ಇದೆ, ನೆಲದ ಹಿಮ ಕರಗಿದ ಮೇಲೆ ಏಪ್ರಿಲ್ ಕೊನೆಗೆ ಸಮಾಧಿಯಲ್ಲಿ ಇಡಬೇಕು. ಒಪ್ಪಿಗೆ ಕೇಳಲು ಅಪ್ಪನಿಲ್ಲ, ನಾನು ಹೇಳುತ್ತಿದ್ದೇನೆ. ಸಮಾಧಿಯ ಕಲ್ಲು ಸರಿಸುವುದು ಹಿರಿಮಗನ ಕೆಲಸ. ಯಾವ ಹೆಸರು ಇಟ್ಟುಕೊಂಡಾದರೂ ಬಾ.