ಹೊಸ ಯಂತ್ರದಲ್ಲಿ ಬಾಳಮ್ಮನ ಪದಗಳು

ಬಸವಕಲ್ಯಾಣ
೧೮ ನವೆಂಬರ್ ೨೦೦೭

ಚಿ. ಸೌ. ವರ್ಷಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತಿದೆಯೇ? ತವರುಮನೆಯೆಂದು ಘಾಟಬೋರಾಳದ ಬಾವಿಯಲ್ಲಿ ನೀರು ಸೇದಲು ಹೋಗಬೇಡ, ಚೊಚ್ಚಲ ಹೆರಿಗೆ ಆಟವಲ್ಲ ಎಂದು ನಿಮ್ಮ ಅತ್ತೆ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಈಗ ಎಲ್ಲ ಸರಿಹೋಗಿದೆ, ಗಾಬರಿಯಾಗಬೇಡ ತಾಯಿ. ದಸರೆಯ ಖಂಡೆಪೂಜೆಯ ದಿನ ಕುಡಗೋಲು, ಕೊಡಲಿಗಳ ಜೊತೆ ನಿನ್ನ ಕಂಪ್ಯೂಟರಿಗೂ ವಿಭೂತಿ ಹಚ್ಚಿ, ಕಾಯಿ ಒಡೆದು, ನೀರನ್ನು ಭಕ್ತಿಯಿಂದ ಅದರ ನೆತ್ತಿಗೇ ಸುರಿದೆ. ನೀರು ಸಂದಿಯಿಂದ ಒಳಗಿಳಿಯಿತು. "ದೇವ್ರು ಒಳಗೇ ಕುಡ್ದ ನೋಡು" ಎಂದು ನಕ್ಕೆ. ಗುಂಡಿ ಒತ್ತಿದರೆ ಯಂತ್ರ ಏಳಲಿಲ್ಲ, ನನ್ನ ನಗೆ ನಿಂತಿತು. ನಾರಾಯಣಪುರದ ಬಾಳಮ್ಮ ಬೀಸುತ್ತ ಹಾಡಿದ ಮುನ್ನೂರು ಪದಗಳನ್ನು ನೀನು ಮೂರು ವರ್ಷ ಕೂತು ಬರೆದದ್ದು ಅದರಲ್ಲೇ. ಬಾಳಮ್ಮ ಈಗಿಲ್ಲ. ಇನ್ನೊಮ್ಮೆ ಯಾರ ಬಾಯಿಂದ ಕೇಳಿ ಬರೆಯುವುದು?

ಒಳಗಿನ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ. ಅಲ್ಲಿಯ ಮಾಣಿಕನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಯುನೂಸ್ ನೋಡಿ, "ಕಾಕಾ, ಡಿಸ್ಕ್ ಬದುಕ್ಯಾದ, ಬಾಕಿ ಎಲ್ಲಾ ಖಲಾಸ್" ಅಂದ. ಹೊಸ ಕಂಪ್ಯೂಟರ್ ಕೊಂಡೆವು. ಹಳೆಯ ಡಿಸ್ಕನ್ನು ಅದಕ್ಕೆ ಜೋಡಿಸಿದಾಗ ನಿನ್ನ ಪದಗಳು ತೆರೆದುಕೊಂಡವು, ಆದರೆ ಕನ್ನಡವಾಗಿ ಅಲ್ಲ, ಇರುವೆ ಸಾಲಿನಂತೆ. ನೀನು ಬಳಸಿದ ಅಕ್ಷರಗಳು ನಿನ್ನ ಕಂಪ್ಯೂಟರನ್ನು ನಡೆಸುತ್ತಿದ್ದ ಲಿನಕ್ಸ್ ಎಂಬ ಹಳೆಯ ತಂತ್ರಾಂಶದಲ್ಲಿ ಮಾತ್ರ ಮೂಡುತ್ತವಂತೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಅದರ ಸಿಡಿಯನ್ನು ನೀನು ಕಪಾಟಿನಲ್ಲಿ ಇಟ್ಟಿದ್ದೆಯಲ್ಲ, ಅದನ್ನೇ ಒಯ್ದು ಹಾಕಿಸಿದೆ. ಅದೋ, ಹೊಸ ಯಂತ್ರದಲ್ಲಿ ಡಿಸ್ಕೇ ಇಲ್ಲವೆಂದು ಹಟ ಹಿಡಿಯಿತು. "ಆರು ವರ್ಷದ ಪುರಾನಾ ಮಾಲ್ ಅದರಿ, ಹೊಸ ಡಿಸ್ಕಿನ ಗುರ್ತ ಹಿಡಿಯಂಗಿಲ್ಲ. ಹೊಸಾ ಲಿನಕ್ಸ್ ಹಾಕ್ಲೇನ್ರಿ?" ಅಂದ ಯುನೂಸ್. "ಹೊಸಾದು ತೊಗೊಂಡು ಏನ್ ಮಾಡ್ಲೋ? ನನ್ ಸೊಸಿ ಬರದದ್ದು ಬೇಕು" ಅಂದೆ.

ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ನಿಘಂಟು ಹಿಡಿದು ಎರಡು ದಿನ ಓದಿದೆ. ಪಂಪ್‌ಸೆಟ್ಟಿನ ರಿಪೇರಿಯನ್ನೂ ಹಾಗೆಯೇ ಕಲಿತವನಲ್ಲವೇ ನಾನು. ಯಂತ್ರ ಏಳುವಾಗ ಒಂದು ಕೀಲಿ ಒತ್ತಿದರೆ ನೀಲಿ ಪರದೆ ಬರುತ್ತದೆ. ಹೊಸ ಡಿಸ್ಕು ಹಳೆಯದರಂತೆ ನಡೆದುಕೊಳ್ಳಲಿ ಎಂದು ಅಲ್ಲೊಂದು ಸಾಲು ಬದಲಿಸಬಹುದು. ಯುನೂಸ್ ಬದಲಿಸಿದ. ತಾಸಿನೊಳಗೆ ಲಿನಕ್ಸ್ ಕೂತಿತು. ಧ್ವನಿ ಬರುವುದಿಲ್ಲ, ಅಕ್ಷರ ಹುಣಸೆಬೀಜದಷ್ಟು ದಪ್ಪ. ಆದರೆ ಮುನ್ನೂರೂ ಪದ ಕನ್ನಡದಲ್ಲೇ ಇವೆ! "ಇನ್ ಮ್ಯಾಲ ಕಾಯಿ ಅಂಗಳದಾಗ ಒಡೀರಿ ಕಾಕಾ" ಎನ್ನುತ್ತ ಯುನೂಸ್ ಚಹಾ ತರಿಸಿದ. ಒಂದು ನಕಲು ಅವನ ಅಂಗಡಿಯಲ್ಲೇ ಇಟ್ಟು ಬಂದಿದ್ದೇನೆ. ಆ ದಿನ ಬಸ್ಸಿನಲ್ಲಿ ಮನೆ ಬರುವವರೆಗೂ ನಿದ್ದೆ ಹೋದೆ.

ಬೀಗರಿಗೆ ಶರಣಾರ್ಥಿ ಹೇಳು. ಸುಖವಾಗಿ ಹಡೆದು, ಕೂಸನ್ನು ಕರೆದುಕೊಂಡು ಬಾ.

ನಿನ್ನ ಮಾವ,
ಮಹಾರುದ್ರಪ್ಪ

ತಾ.ಕ.: ಪದಗಳ ಮೊದಲ ಪುಟದಲ್ಲಿ ನೀನು "ಸಂಗ್ರಹಿಸಿದವರು: ಮಹಾರುದ್ರಪ್ಪ" ಎಂದು ಬರೆದಿದ್ದೆ. ಯುನೂಸನ ಎದುರು ಓದಿ ತಲೆ ತಗ್ಗಿಸಿದೆ. ನಾನು ಬಾಳಮ್ಮನ ಹೊಸ್ತಿಲು ತುಳಿದವನಲ್ಲ, "ಅಡಗಿ ಬಿಟ್ಟು ಇದೇನ್ ಹಚ್ಚಿದಿ?" ಎಂದು ನಿನ್ನನ್ನು ಗದರಿದವನು. ಕೀಲಿಗಳನ್ನು ಒಂದೊಂದಾಗಿ ಹುಡುಕಿ ನನ್ನ ಹೆಸರು ಅಳಿಸಿ, ನಿನ್ನದು ಬರೆದಿದ್ದೇನೆ. ಬಂದ ಮೇಲೆ ಅದನ್ನು ತಿದ್ದಬೇಡ.