ಎಸೆಟಾಳ ಶುಕ್ರವಾರ

ಡಿಸೆಂಬರ್ 19, 2011. ಸೋಮವಾರ. ಆಪಿಯಾ

ಕೋಕೋ ಕಾಯಿಸಿದೆ. ನಮ್ಮನೆಯವರು ಫಿಲೆಮೋನಿ ತಮ್ಮ ಬಸ್ ಒರೆಸುತ್ತಾ ರೇಡಿಯೊ ಜೋರು ಮಾಡಿದರು. ಮತ್ತೆ ಅದೇ ಸುದ್ದಿ. ಇಪ್ಪತ್ತೊಂಬತ್ತು ಗುರುವಾರ ಮಲಗುವುದು, ಏಳುವಾಗ ಮೂವತ್ತೊಂದು ಶನಿವಾರ. ದಿನರೇಖೆಯ ಆಚೆ ಬದಿಗೆ ದಾಟಿದರೆ ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ಅನುಕೂಲವಂತೆ. ಈ ವರ್ಷ ಸಮೋವಾಕ್ಕೆ ಮೂವತ್ತನೇ ತಾರೀಖೇ ಇಲ್ಲ.

ಎರಡು ವರ್ಷದ ಹಿಂದೆ ಎಲ್ಲರೂ ಎಡಕ್ಕೆ ಓಡಿಸಿ ಎಂದು ರಸ್ತೆಯ ಬಲಬದಿ ಕಿತ್ತುಕೊಂಡರು — ಇವರ ಬಸ್ಸಿನ ಬಾಗಿಲು ತಪ್ಪು ಕಡೆ ಉಳಿಯಿತು. ಈ ಸೆಪ್ಟೆಂಬರಿನಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಿ ಒಂದು ಗಂಟೆ. ಈಗ ಇಡೀ ಶುಕ್ರವಾರ. ಅದೂ ನನ್ನ ಎಸೆಟಾ ಹುಟ್ಟಿದ ದಿನ! ಇದ್ದಿದ್ದರೆ ಹದಿನೇಳು ತುಂಬುತ್ತಿತ್ತು. ಮಗಳನ್ನು ಎರಡು ವರ್ಷದ ಹಿಂದೆ ಸುನಾಮಿ ಒಯ್ದಿತು. ಅವಳ ದಿನವನ್ನು ಸರ್ಕಾರ ಒಯ್ಯುತ್ತದಂತೆ. ಒಯ್ಯಲಿ, ನೋಡೇಬಿಡೋಣ.

ಡಿ. 22

"ಒಳ್ಳೇದೇ ಆಯ್ತು ಬಿಡು ವಾಓಸಾ," ಅಂದರು ಇವರು. "ಈ ವರ್ಷ ಅಳೋದು ತಪ್ತು."

"ಹದಿನೆಂಟು ಗಂಟೆ ನೋವು ತಿಂದು ಹೆತ್ತಿದ್ದು ನಾನು. ಪಾರ್ಲಿಮೆಂಟ್ ಹೆತ್ತಿಲ್ಲ!"

ಬಸ್ ಹತ್ತಿ ಹೊರಟರು.

ಡಿ. 23

ತಂಗಿ ಸೂಲಿಯಾ ಪಾಗೋ ಪಾಗೋದಿಂದ ಫೋನ್ ಮಾಡಿದ್ದಳು. "ಅಕ್ಕಾ, ನಮ್ದು ಅಮೆರಿಕದ ಸಮೋವಾ. ನಮ್ ಶುಕ್ರವಾರ ಯಾರೂ ಮುಟ್ಟಲ್ಲ. ಇಲ್ಲಿಗೇ ಬಾರೇ."

ಮೂವತ್ತೈದು ನಿಮಿಷದ ವಿಮಾನ. ಶನಿವಾರ ಹತ್ತಿದರೆ ಶುಕ್ರವಾರ ಇಳಿಯುವುದು. ಒಂದು ದಿನ ಹಿಂದೆ ಹೋಗಬಹುದಾದರೆ ಎರಡು ವರ್ಷ ಯಾಕೆ ಹೋಗಬಾರದು? ಆ ಬೆಳಿಗ್ಗೆಗೆ ಇಳಿದು, ಅವಳ ಜಡೆ ಹಿಡಿದು ಗುಡ್ಡಕ್ಕೆ ಎಳೆದೊಯ್ಯುತ್ತಿದ್ದೆ. ಬೈದುಕೊಳ್ಳಲಿ ಬೇಕಾದರೆ... ಅಷ್ಟು ದೂರದ ವಿಮಾನ ಇಲ್ಲ. ಇರುವುದನ್ನೇ ಹತ್ತುತ್ತೇನೆ.

ಡಿ. 29, ಸಂಜೆ

ಬ್ಯಾಗ್ ಕಟ್ಟಿದೆ. "ಒಬ್ಳೇ ಹೋಗು. ಇಲ್ಲದ ದಿನದ ಹಿಂದೆ ನಾನು ಬರಲ್ಲ," ಅಂದರು.

"ಕರೆದೋರು ಯಾರು?"

ಅಂದುಬಿಟ್ಟೆ. ಅನ್ನಬಾರದಿತ್ತೇನೋ. ಅಂದಾಯಿತು.

ಡಿ. 31, ಶನಿವಾರ, ಬೆಳಿಗ್ಗೆ 7. ವಿಮಾನ ನಿಲ್ದಾಣ

ನಡುವೆ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಡೈರಿ ಅಚ್ಚು ಹಾಕಿದವರಿಗೆ ನಮ್ಮ ಸರ್ಕಾರದ ಆಜ್ಞೆ ತಲುಪಿಲ್ಲ, ಅದರಲ್ಲಿ ಮೂವತ್ತು ಇದೆ.

ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು. ಪುಟ್ಟ ವಿಮಾನ, ಎಲ್ಲರನ್ನೂ ತೂಗುತ್ತಾರೆ. ತೂಗಿದ ಹುಡುಗಿ ನಕ್ಕಳು, "ಅಮ್ಮಾ, ನಿನ್ನೆಗೆ ಹೊರಟ್ರಾ?"

"ನನ್ ಮಗಳ ಹುಟ್ಟುಹಬ್ಬಕ್ಕೆ," ಅಂದೆ.

ಡಿ. 30, ಶುಕ್ರವಾರ, ಬೆಳಿಗ್ಗೆ 9. ಪಾಗೋ ಪಾಗೋ

ಬಂದುಬಿಟ್ಟೆ! ಬಿಟ್ಟಿದ್ದ ಪುಟದಲ್ಲೇ ಬರೆಯುತ್ತಿದ್ದೇನೆ. ಕೋಕೋ ಹಾಕಿದ ಗಂಜಿ ಅವಳಿಗೆ ಇಷ್ಟ, ಅದೇ ಮಾಡಿದ್ದೇವೆ. ಕೇಕಿನ ಮೇಲೆ ಹದಿನೇಳು ಮೇಣದಬತ್ತಿ. ಎಸೆಟಾ, ನಿನ್ನ ದಿನ ಇದೆ ಕಣೇ. ಅಮ್ಮ ಬಿಟ್ಟುಕೊಟ್ಟಿಲ್ಲ.

ಈಗ ತಾನೇ ಇವರ ಫೋನು.

"ಅಲ್ಲಿ ಎಷ್ಟನೇ ತಾರೀಖು?"

"ಮೂವತ್ತು."

"ಇನ್ನೂ... ಇದ್ಯಾ?"

"ಇದೆ. ದಿನಪೂರ್ತಿ ಇದೆ."

ಮೂಗು ಎಳೆದುಕೊಂಡದ್ದು ಕೇಳಿಸಿತು.

"ಮಧ್ಯಾಹ್ನ ಇನ್ನೊಂದು ವಿಮಾನ ಇದೆ. ತೂಕಾನೂ ಆಯ್ತು. ನಾನು ಬರೋವರೆಗೂ ಹಚ್ಚಬೇಡ ಕಣೇ."

ಸೂಲಿಯಾ ಬೆಂಕಿಪೊಟ್ಟಣ ಹಿಡಿದು ಬಂದೇಬಿಟ್ಟಳು. ಅಯ್ಯೋ, ನಿಲ್ಲೇ, ಅವಳಪ್ಪ ಬರಲಿ, ಇವತ್ತು ಇನ್ನೂ—