ಅಕ್ಕ ಹಗ್ಗ ಹಿಡಿದಳು

ಫೆಬ್ರವರಿ 9, ಭಾನುವಾರ

"ಸ್ಕೀಯಿಂಗ್ ದುಡ್ಡಿದ್ದೋರ ಆಟ ಕಣೇ. ಮಗಳ ತಲೆ ಯಾಕೆ ಕೆಡಿಸ್ತೀಯ?"

ಬೆಳಗ್ಗೆ ಪ್ಯಾನ್‌ಕೇಕಿಗೆ ಮೇಪಲ್ ಪಾಕ ಸುರಿದುಕೊಳ್ಳುತ್ತಾ ಅಕ್ಕ ವರ್ನಾ ಆಡಿದ ಮಾತು ದಿನವಿಡೀ ಚುಚ್ಚುತ್ತಿತ್ತು. ಅವಳದೂ ತಪ್ಪಲ್ಲ. ಕಣಿವೆಯಾಚೆಯ ರೆಸಾರ್ಟಿನಲ್ಲಿ ಹದಿನೈದು ಚಳಿಗಾಲ ಸ್ಕೀಯಿಂಗಿಗೆ ಬಂದವರ ಕೋಣೆ ಗುಡಿಸಿದ್ದಾಳೆ. ತಾನು ಒಂದು ದಿನವೂ ಹಿಮದ ಮೇಲೆ ಜಾರಿಲ್ಲ.

ನಮ್ಮೂರ ಗುಡ್ಡದಲ್ಲಿರುವುದು ಹಳೇ ಟ್ರಕ್ಕಿನ ಎಂಜಿನ್ ಎಳೆಯುವ ಒಂದು ಹಗ್ಗ. ಅದನ್ನು ಹಿಡಿದೇ ಮೇಲೇರಬೇಕು. ಭಾನುವಾರ ಎಂಜಿನ್ ನಡೆಸುವ ಸರದಿ ನನ್ನದು. ಹಗ್ಗ ಎಂಥ ಕೈಗವಸನ್ನೂ ತಿಂದುಹಾಕುತ್ತದೆ, ಹಾಗಾಗಿ ಎಲ್ಲರ ಕೈಗವಸಿಗೂ ಪೈಪಿಗೆ ಸುತ್ತುವ ಬೂದು ಟೇಪು. ನನ್ನ ಮಗಳು ಟಿಲ್ಲಿಯನ್ನು ಮನೆಗೆ ಕರೆದೊಯ್ಯಲು ಬಂದ ಅಕ್ಕ ಅದನ್ನು ನೋಡಿ ನಕ್ಕಳು.

"ಇದೇನೇ, ಎಲ್ಲರೂ ಪ್ಲಂಬರ್‌ಗಳ ಥರ ಇದ್ದೀರಾ!"

"ನೀನೂ ಆಗು ಬಾ," ಎಂದು ನನ್ನ ಕೈಗವಸನ್ನೇ ಅವಳಿಗೆ ತೊಡಿಸಿದೆ. ಯಾರೋ ಎಂಜಿನ್ ಶೆಡ್ಡಿಗೆ ಕೊಟ್ಟುಹೋದ ಸ್ಕೀ ಅವಳ ಅಳತೆಗೆ ಸಿಕ್ಕಿತು.

ಮೂರು ಸಲ ಬಿದ್ದಳು. "ಮಂಡಿ ಬಗ್ಗಿಸು ದೊಡ್ಡಮ್ಮಾ!" ಎಂದು ಟಿಲ್ಲಿ ಕಿರುಚುತ್ತಲೇ ಇದ್ದಳು. ನಾಲ್ಕನೇ ಸಲ ಬೀಳದೆ ಕೆಳಗಿನವರೆಗೂ ಬಂದಳು. ಕತ್ತಲಾಗುತ್ತಿತ್ತು, ಎಂಜಿನ್ ಆರಿಸಲು ಹೊರಟೆ.

"ಮುಟ್ಟಿದ್ರೆ ನೋಡು! ದುಡ್ಡಿದ್ದೋರಿಗೆ ಹದಿನೈದು ವರ್ಷ ಹಾಸಿಗೆ ಹಾಸಿದೀನಿ. ನನಗೋಸ್ಕರ ಇನ್ನೊಂದ್ಸಲ ಹಗ್ಗ ಓಡಿಸೋಕೆ ನಿನಗೇನು ರೋಗ?"

ಕೈಗವಸು ವಾಪಸು ಕೊಡದೆ ಹೋದಳು. ಕೇಳಲೂ ಇಲ್ಲ ನಾನು. ನಾಳೆ ಇನ್ನೊಂದು ಜೊತೆಗೆ ಟೇಪು ಸುತ್ತಿಕೊಳ್ಳಬೇಕು.